ಮಳೆ ಬಂದರಷ್ಟೇ ನಮ್ಮ ಮೈದಾನ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಲೇಲೆ ಮೈದಾನಕ್ಕೆ ನಾನು ಮೊದಲು ಹೋದದ್ದು ಆಡಲಿಕ್ಕಲ್ಲ, ಹಗ್ಗ ಹಿಡಿಯಲಿಕ್ಕೆ. ಸೋದರಮಾವ ಫುಟ್‌ಬಾಲ್ ಪಂದ್ಯಗಳಿಗೆ ಗೆರೆ ಎಳೆಯುತ್ತಿದ್ದರು. ಮೂಲೆ ಸರಿಯಾಗಿ ಕೂರಬೇಕೆಂದರೆ ಒಂದು ಗೆರೆಯ ಮೇಲೆ ಮೂರು ಮೀಟರ್, ಇನ್ನೊಂದರ ಮೇಲೆ ನಾಲ್ಕು ಮೀಟರ್ ಅಳೆದು, ಎರಡೂ ತುದಿಗಳ ನಡುವೆ ಐದು ಮೀಟರ್ ಇದೆಯೇ ಎಂದು ನೋಡಬೇಕು. ಮುಂದೆ ಶಾಲೆಯಲ್ಲಿ ಪೈಥಾಗೊರಸ್ ಬಂದಾಗ, ಇದು ಮಾವನ ಹಗ್ಗವಲ್ಲವೇ ಎಂದುಕೊಂಡೆ. ನಡುವಿನ ವೃತ್ತಕ್ಕೆ ಗೂಟದಿಂದ 9.15 ಮೀಟರ್ ಹಗ್ಗ. ಪೆನಾಲ್ಟಿ ಚುಕ್ಕೆಗೆ ಗೋಲಿನಿಂದ 11 ಮೀಟರ್. ಮಾವ ಸುಣ್ಣ ಮುಟ್ಟುತ್ತಿರಲಿಲ್ಲ, ಕಣ್ಣಿಗೆ ಬಿದ್ದರೆ ಗೋಲ್‌ಕೀಪರನ ಗತಿಯೇನು ಎನ್ನುತ್ತಿದ್ದರು. ಅದರ ಬದಲು ರಂಗೋಲಿ ಪುಡಿ, ಚೀಲಗಟ್ಟಲೆ. "ಎಷ್ಟು ದೊಡ್ಡ ಅಂಗಳ ರೀ ನಿಮ್ಮದು?" ಎಂದು ಅಂಗಡಿಯಾಕೆ ನಗುತ್ತಿದ್ದಳು.

ಬೆಳಗಾವಿಗೆ ಈ ಆಟ ತಂದವರು ಸೋಲ್ಜರರು ಎಂಬುದು ಮಾವನ ವಾದ. 1818ರಲ್ಲಿ ಕೋಟೆ ಬ್ರಿಟಿಷರ ವಶವಾದ ಮೇಲೆ ದಂಡು ಬೆಳೆಯಿತು. ಅದನ್ನೇ ಈಗಲೂ ಕ್ಯಾಂಪ್ ಎನ್ನುತ್ತೇವೆ. ಅಲ್ಲಿ 1856ರಿಂದ ಸೇಂಟ್ ಪಾಲ್ಸ್ ಶಾಲೆ, 1922ರಿಂದ ಮರಾಠಾ ಪಡೆಯ ಕೇಂದ್ರ. ಘಟ್ಟ ಇಳಿದರೆ ಗೋವಾ. ಹೀಗಿದ್ದ ಮೇಲೆ ಫುಟ್‌ಬಾಲ್ ಹುಚ್ಚು ಹತ್ತದಿದ್ದೀತೇ? ಮೈದಾನದಲ್ಲಿ ಪಾಸ್ ಕೇಳುವುದು ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕರಲ್ಲೂ. ಆಫ್‌ಸೈಡ್ ಕೊಟ್ಟ ರೆಫರಿಗೆ ಬೈಗುಳವೂ ಅಷ್ಟೇ ಭಾಷೆಗಳಲ್ಲಿ ಸಲ್ಲುತ್ತದೆ.

ಆದರೆ ನಮ್ಮ ಊರಿನ ಮೈದಾನಗಳು ಫುಟ್‌ಬಾಲಿಗೆಂದು ಇದ್ದವಲ್ಲ. ದೀಪಾವಳಿ ಮುಗಿಯಿತೆಂದರೆ ಟೆನಿಸ್ ಬಾಲ್ ಕ್ರಿಕೆಟ್‌ನವರು ಬಂದರು. ಬಲ್ಬಿನ ಸರ, ಧ್ವನಿವರ್ಧಕ, ಬಹುಮಾನವಾಗಿ ಬೈಕು. ಆಮೇಲೆ ವಸ್ತುಪ್ರದರ್ಶನ, ಸಭೆ, ಸಮಾವೇಶ. 2025ರ ಜನವರಿಯಲ್ಲಿ ಸಿಪಿಎಡ್ ಮೈದಾನದಲ್ಲಿ ಕಾಂಗ್ರೆಸ್ಸಿನ ಸಮಾವೇಶ ನಡೆಯಿತಲ್ಲ, ಅಂದು ಚೆನ್ನಮ್ಮ ವೃತ್ತ ದಾಟುವುದೇ ಒಂದು ಪಂದ್ಯವಾಗಿತ್ತು. ಬೆಳಗಿನ ನಡಿಗೆಯ ಹಿರಿಯರು, ಸೈನ್ಯಕ್ಕೆ ಸೇರಲು ಓಡುವ ಹುಡುಗರು, ಕಾರು ಕಲಿಯುವವರು ವರ್ಷಪೂರ್ತಿ ಇದ್ದೇ ಇರುತ್ತಾರೆ. ಜೂನಿನಲ್ಲಿ ಜಿಟಿಜಿಟಿ ಮಳೆ ಹಿಡಿದು ಕೆಂಪು ಮಣ್ಣು ರಾಡಿಯಾದಾಗ ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ಯಾರಿಗೂ ಬೇಡವಾದ ಆ ರಾಡಿಯೇ ಫುಟ್‌ಬಾಲಿನ ಪಾಲು. ನಮ್ಮೂರಿನವರು ಮಳೆಯಲ್ಲಿ ಆಡುವುದು ಪ್ರೀತಿಯಿಂದ ಎಂದು ಹೊರಗಿನವರು ಹೊಗಳುತ್ತಾರೆ. ಪ್ರೀತಿ ಇರಬಹುದು, ಬೇರೆ ತಿಂಗಳಲ್ಲಿ ಜಾಗ ಸಿಗುವುದಿಲ್ಲ ಎಂಬುದೂ ಇದೆ.

ಹೋದವರು ಗುರುತು ಬಿಟ್ಟೇ ಹೋಗುತ್ತಾರೆ. ಒಂದು ವರ್ಷ (ಯಾವ ಮೈದಾನ, ಯಾರ ಕಾರ್ಯಕ್ರಮ ಎಂಬುದು ಬೇಡ) ಪೆಂಡಾಲ್ ಕಂಬಗಳ ಗುಂಡಿ ಮುಚ್ಚಿರಲಿಲ್ಲ. ನೀರು ತುಂಬಿ ನೆಲದಂತೆಯೇ ಕಾಣುತ್ತಿತ್ತು. ಎಡಗಾಲು ಮೊಣಕಾಲಿನವರೆಗೆ ಇಳಿಯಿತು. ನನ್ನ ಆಟ ಅಲ್ಲಿಗೆ ಮುಗಿದು, ಹಗ್ಗವೇ ಕಾಯಂ ಆಯಿತು.

2023ರ ಮಾರ್ಚ್ 4ರ ರಾತ್ರಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ಮಾವನ ಮನೆಯಲ್ಲಿದ್ದೆ. "ಇದು ಐದನೆಯದು" ಎಂದೆ. "ಮೂರನೆಯದು" ಎಂದರು ಮಾವ. ಮೈಸೂರು ತಂಡ 1946-47 ಮತ್ತು 1952-53ರಲ್ಲಿ ಗೆದ್ದಾಗ ಬೆಳಗಾವಿ ಮುಂಬಯಿಗೆ ಸೇರಿತ್ತು, 1956ರ ಏಕೀಕರಣದ ನಂತರದ್ದಷ್ಟೇ ನಮ್ಮವು ಎಂಬುದು ಅವರ ಲೆಕ್ಕ. ನಾನು ವಾದಿಸಲಿಲ್ಲ.

ಈಗ ಮಾವನಿಗೆ ಬಗ್ಗಲಾಗುವುದಿಲ್ಲ. ಕಟ್ಟೆಯ ಮೇಲೆ ಕೊಡೆ ಹಿಡಿದು ಕುಳಿತು, ನಾನು ಎಳೆದ ಗೆರೆ ಸೊಟ್ಟ ಎನ್ನುತ್ತಾರೆ. ಮೊನ್ನೆ ಶನಿವಾರ ಅಳೆದು ತೋರಿಸಿದೆ, ಐದು ಮೀಟರಿಗೆ ನಾಲ್ಕು ಬೆರಳು ಹೆಚ್ಚಿತ್ತು. ತಿದ್ದುವಷ್ಟರಲ್ಲಿ ಮಳೆ ಬಂದು ಅರ್ಧ ಗೆರೆ ತೊಳೆದುಹೋಯಿತು, ಪುಡಿಯೂ ಮುಗಿದಿತ್ತು.