ಓದಿಗೆ ವಿನಾಯಿತಿ ಇದೆ, ಕೋರ್ಸಿಗೆ ಇಲ್ಲ

ಫಿಲಿಪ್ಪೀನ್ಸ್‌ನಲ್ಲಿ ಒಂದು ಕಾನೂನಿದೆ. ದಾಖಲೆಯಲ್ಲಿ ಅದರ ಹೆಸರು ರಿಪಬ್ಲಿಕ್ ಆಕ್ಟ್ 1425, ಜನರ ಬಾಯಲ್ಲಿ ರಿಸಾಲ್ ಲಾ. 1956ರ ಜೂನ್ 12ರಂದು ಜಾರಿಗೆ ಬಂತು. ದೇಶದ ಪ್ರತಿ ಶಾಲೆ, ಕಾಲೇಜು, ಯೂನಿವರ್ಸಿಟಿ, ಸರ್ಕಾರಿ ಇರಲಿ ಖಾಸಗಿ ಇರಲಿ, ಹೊಸೆ ರಿಸಾಲ್ ಅವರ ಬದುಕು ಮತ್ತು ಬರಹಗಳನ್ನು ಕಲಿಸಲೇಬೇಕು. ರಿಸಾಲ್ ಅಂದ್ರೆ ಆ ದೇಶವನ್ನು ಸ್ಪೇನ್ ಆಳ್ತಿದ್ದ ಕಾಲದ ಬರಹಗಾರ, ಈಗ ಅಲ್ಲಿನ ರಾಷ್ಟ್ರವೀರ. ಅದರಲ್ಲೂ ಅವರ ಎರಡು ಕಾದಂಬರಿ, 'ನೋಲಿ ಮೆ ತಾಂಹೆರೆ' ಮತ್ತು 'ಎಲ್ ಫಿಲಿಬುಸ್ತೆರಿಸ್ಮೊ'. ಇಂಜಿನಿಯರಿಂಗ್ ಓದುವವರಿಗೂ ತಪ್ಪಿದ್ದಲ್ಲ, ನರ್ಸಿಂಗ್ ಓದುವವರಿಗೂ ತಪ್ಪಿದ್ದಲ್ಲ.

ಆ ಕಾನೂನಿನಲ್ಲಿ ಒಂದು ಸಾಲು ಇದೆ, ಅದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಅದನ್ನ ಹೇಳೋಕೆ ಮುಂಚೆ ಸ್ವಲ್ಪ ಹಿನ್ನೆಲೆ ಬೇಕು.

ಮಸೂದೆ ತಂದವರು ಸೆನೆಟರ್ ಕ್ಲಾರೊ ರೆಕ್ಟೊ, ಬೆನ್ನಿಗೆ ನಿಂತವರು ಇನ್ನೊಬ್ಬ ಸೆನೆಟರ್ ಹೊಸೆ ಲಾರೆಲ್. ಕ್ಯಾಥೊಲಿಕ್ ಚರ್ಚ್ ಸಿಡಿದುಬಿತ್ತು. ಅದಕ್ಕೆ ಕಾರಣವೂ ಇತ್ತು ಬಿಡಿ. ರಿಸಾಲ್ ಅವರ ಕಾದಂಬರಿಗಳಲ್ಲಿ ಸ್ಪ್ಯಾನಿಷ್ ಪಾದ್ರಿಗಳ ಮರ್ಯಾದೆ ಉಳಿಯೋದೇ ಇಲ್ಲ. ನಂಬಿಕೆಗೆ ಧಕ್ಕೆ ತರೋ ಪುಸ್ತಕವನ್ನು ನಮ್ಮ ಮಕ್ಕಳಿಗೆ ಬಲವಂತವಾಗಿ ಓದಿಸೋದು ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕೇ ವಿರುದ್ಧ ಅಂದರು. ಇದು ಪಾಸಾದರೆ ಕ್ಯಾಥೊಲಿಕ್ ಶಾಲೆಗಳನ್ನು ಮುಚ್ಚಬೇಕಾಗುತ್ತೆ ಅನ್ನೋ ಬೆದರಿಕೆಯೂ ಬಂತು. ರೆಕ್ಟೊ ಅದಕ್ಕೆ ಜಗ್ಗಲಿಲ್ಲ: ಮುಚ್ಚಿದರೆ ಸರ್ಕಾರವೇ ಅವನ್ನು ವಹಿಸಿಕೊಳ್ಳಲಿ ಅಂದರು. ವಾರಗಟ್ಟಲೆ ಜಗಳ ಆಗಿ ಕೊನೆಗೆ ರಾಜಿ ಆಯ್ತು.

ಆ ರಾಜಿಯಿಂದ ಬಂದದ್ದೇ ನಾನು ಹೇಳಿದ ಸಾಲು. ಧಾರ್ಮಿಕ ನಂಬಿಕೆಯ ಕಾರಣಕ್ಕೆ ಓದಲಾರೆ ಅಂತ ವಿದ್ಯಾರ್ಥಿ ಪ್ರಮಾಣ ಮಾಡಿ ಬರೆದುಕೊಟ್ಟರೆ ಕಾದಂಬರಿ ಓದೋದರಿಂದ ವಿನಾಯಿತಿ ಪಡೆಯಬಹುದು. ಆದರೆ ಕೋರ್ಸಿನಿಂದ ವಿನಾಯಿತಿ ಇಲ್ಲ. ಅಂದ್ರೆ ಪುಸ್ತಕ ಮುಟ್ಟದಿದ್ದರೂ ನಡೆಯುತ್ತೆ, ಕ್ಲಾಸಿನಲ್ಲಿ ಕೂತು ಪಾಸಾಗಲೇಬೇಕು!

ನನ್ನನ್ನು ಕೇಳಿದರೆ ಇದು ಪೂರ್ತಿ ಉಲ್ಟಾ ಆಗಬೇಕಿತ್ತು. ಕೋರ್ಸು ಬೇಡ ಅನ್ನೋರಿಗೆ ಬಿಟ್ಟುಬಿಡಿ, ಪುಸ್ತಕ ಮಾತ್ರ ಎಲ್ಲರ ಕೈಗೂ ಕೊಡಿ.

ಯಾಕೆ ಅಂದ್ರೆ ಕೋರ್ಸು ಅಂತ ಆದ ತಕ್ಷಣ ಏನಾಗುತ್ತೆ ನಮಗೆಲ್ಲ ಗೊತ್ತಲ್ಲ. ಪರೀಕ್ಷೆಗೆ ಉರುಹೊಡೆಯೋ ನೋಟ್ಸಿಗೆ ಅಲ್ಲಿ ರಿವ್ಯೂವರ್ ಅಂತಾರೆ, ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಹುಟ್ಟಿದ್ದು 1861ರ ಜೂನ್ 19, ಊರು ಕಲಾಂಬಾ. ಹನ್ನೊಂದು ಮಕ್ಕಳಲ್ಲಿ ಏಳನೆಯವರು. ಯಾವ ವರ್ಷ ಯಾವ ಊರಲ್ಲಿದ್ದರು, ಪ್ರೀತಿಸಿದ ಹುಡುಗಿಯರ ಹೆಸರೇನು. ಒಬ್ಬ ಬರಹಗಾರನನ್ನು ಓದದೇ ಅವನ ಬಗ್ಗೆ ನೂರಕ್ಕೆ ತೊಂಬತ್ತು ತಗೊಳ್ಳಬಹುದು.

ತಮಾಷೆ ಅಂದ್ರೆ ಈ ಕಾಯಿಲೆ ಬಗ್ಗೆ ರಿಸಾಲ್ ಅವರೇ ಬರೆದಿದ್ದಾರೆ, ಅದೂ ಕಡ್ಡಾಯ ಮಾಡಿರೋ ಪುಸ್ತಕದಲ್ಲೇ. 'ಫಿಲಿಬುಸ್ತೆರಿಸ್ಮೊ'ದಲ್ಲಿ ಒಂದು ಭೌತಶಾಸ್ತ್ರದ ಕ್ಲಾಸ್ ಬರುತ್ತೆ. ಪಾಠ ಮಾಡೋರು ಪಾದ್ರಿ ಮಿಯೋನ್. ಪ್ರಯೋಗದ ಉಪಕರಣಗಳೆಲ್ಲ ಇವೆ, ಆದರೆ ಗಾಜಿನ ಕಪಾಟಿನೊಳಗೆ, ಬಂದುಹೋಗೋ ದೊಡ್ಡ ಮನುಷ್ಯರಿಗೆ ತೋರಿಸೋದಕ್ಕೆ. ಹುಡುಗರು ಮುಟ್ಟೋ ಹಾಗಿಲ್ಲ. ಅವರ ಕೆಲಸ ಕನ್ನಡಿ ಅಂದರೇನು ಅನ್ನೋದನ್ನ ಪುಸ್ತಕದಲ್ಲಿದ್ದ ಹಾಗೇ ಒಪ್ಪಿಸೋದು. ಒಬ್ಬ ಹುಡುಗ ನಿದ್ದೆಗಣ್ಣಲ್ಲಿ ಎದ್ದು ಗಿಣಿಪಾಠ ಒಪ್ಪಿಸ್ತಾನೆ. ಪ್ರತಿಬಿಂಬ ಮೂಡಿಸೋದು ಗಾಜೋ ಅದರ ಹಿಂದಿನ ಲೇಪವೋ ಅಂತ ಪಾದ್ರಿ ತಿರುಗಿಸಿ ಕೇಳಿದ್ದೇ ತಡ, ಅವನ ಬಾಯಿ ಕಟ್ಟಿಹೋಗುತ್ತೆ. ಆಮೇಲೆ ಪ್ಲಾಸಿದೊ ಪೆನಿತೆಂತೆ ಅನ್ನೋ ಹುಡುಗ ಸಿಕ್ಕಿಬೀಳ್ತಾನೆ. ಪಕ್ಕದವನಿಗೆ ಹೇಳಿಕೊಡೋಕೆ ಹೋಗಿ ಆದದ್ದು. ಪಾದ್ರಿ ಅವನನ್ನು ಗೇಲಿ ಮಾಡ್ತಾರೆ, ಗೈರುಹಾಜರಿ ಲೆಕ್ಕ ತೆಗೀತಾರೆ, ಅವನ ಹೆಸರನ್ನೂ ಬಿಡಲ್ಲ. ಸಹಿಸೋವಷ್ಟು ಸಹಿಸಿದ ಹುಡುಗ, ಎಷ್ಟು ಗೈರುಹಾಜರಿ ಬೇಕಾದರೂ ಹಾಕಿಕೊಳ್ಳಿ, ಅವಮಾನ ಮಾಡೋ ಹಕ್ಕು ನಿಮಗಿಲ್ಲ ಅನ್ನೋ ಧಾಟಿಯಲ್ಲಿ ಹೇಳಿ ಕ್ಲಾಸಿನಿಂದ ಹೊರಗೆ ನಡೆದುಬಿಡ್ತಾನೆ.

ಈ ಅಧ್ಯಾಯದ ಮೇಲೆ ಎರಡು ಮಾರ್ಕಿನ ಪ್ರಶ್ನೆ ಕೇಳಿದರೆ ಹೇಗಿರುತ್ತೆ ಊಹಿಸಿ. "ಭೌತಶಾಸ್ತ್ರದ ಅಧ್ಯಾಪಕರ ಹೆಸರೇನು?"

ಹಾಗಂತ ಕಾನೂನೇ ದಂಡ ಅಂತ ನಾನು ಹೇಳ್ತಿಲ್ಲ. ಅದರಲ್ಲಿ ಜನ ಜಾಸ್ತಿ ಮಾತಾಡದ ಒಳ್ಳೇ ಅಂಶಗಳಿವೆ. ಕಾಲೇಜಿನಲ್ಲಿ ಮೂಲ ಕೃತಿಯನ್ನೋ, ಕತ್ತರಿ ಹಾಕದ ಆವೃತ್ತಿಯನ್ನೋ, ಅದರ ಅನುವಾದವನ್ನೋ ಬಳಸಬೇಕು. ಲೈಬ್ರರಿಗಳಲ್ಲಿ ಸಾಕಷ್ಟು ಪ್ರತಿ ಇಡಬೇಕು. ಪುಸ್ತಕಗಳನ್ನು ಇಂಗ್ಲಿಷ್, ತಗಾಲೊಗ್ ಮತ್ತು ಅಲ್ಲಿನ ಮುಖ್ಯ ಭಾಷೆಗಳಿಗೆ ಅನುವಾದ ಮಾಡಿಸಿ, ಅಗ್ಗದ ಪ್ರತಿ ಅಚ್ಚು ಹಾಕಿಸಿ, ಓದಬೇಕು ಅನ್ನೋರಿಗೆ ಹಳ್ಳಿ ಮಟ್ಟದಲ್ಲಿ ಪುಕ್ಕಟೆ ಹಂಚಬೇಕು. ಇದು ಬಹಳ ಮುಖ್ಯ, ಯಾಕಂದ್ರೆ ರಿಸಾಲ್ ಬರೆದದ್ದು ಸ್ಪ್ಯಾನಿಷ್‌ನಲ್ಲಿ, ಇವತ್ತಿನ ಫಿಲಿಪ್ಪೀನ್ಸ್ ಹುಡುಗರಿಗೆ ಆ ಭಾಷೆ ಓದೋಕೆ ಬರಲ್ಲ. ಇದಕ್ಕೆಲ್ಲ ಕಾನೂನು ಎತ್ತಿಟ್ಟ ದುಡ್ಡು 3,00,000 ಪೆಸೊ. 1887ರಲ್ಲಿ ಬರ್ಲಿನ್‌ನಲ್ಲಿ ಮೊದಲ ಕಾದಂಬರಿಯ 2,000 ಪ್ರತಿ ಅಚ್ಚು ಹಾಕಿಸೋಕೆ ರಿಸಾಲ್ ಕೈಲಿ ಕಾಸಿರಲಿಲ್ಲ. ಗೆಳೆಯ ಮಾಕ್ಸಿಮೊ ವಿಯೋಲಾ ಕೊಟ್ಟ 300 ಪೆಸೊದಲ್ಲಿ ಕೆಲಸ ಆಯ್ತು. ಮನಿಲಾದಲ್ಲಿ ಸೆನ್ಸಾರ್ ಮಂಡಳಿ ಅದನ್ನು ನಿಷೇಧ ಮಾಡಬೇಕು ಅಂತು. ಆದರೂ ಜನ ಕದ್ದುಮುಚ್ಚಿ ತರಿಸಿಕೊಂಡು ಓದಿದರು. ಆಗ ಯಾರಿಗೂ ಕೋರ್ಸು ಬೇಕಾಗಿರಲಿಲ್ಲ ನೋಡಿ.

"ಕಡ್ಡಾಯ ಮಾಡದಿದ್ದರೆ ಈಗಿನ ಹುಡುಗರು ಓದ್ತಾರಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಹುಶಃ ಜಾಸ್ತಿ ಜನ ಓದಲ್ಲ. ಅದಕ್ಕೇ ನಾನು ಪುಸ್ತಕದ ಕಡ್ಡಾಯಕ್ಕೆ ಪೂರ್ತಿ ವಿರೋಧಿ ಅಲ್ಲ. 'ನೋಲಿ'ಯಲ್ಲಿ ಬರೋ ಸೀಸಾಳ ಕಥೆಯನ್ನೇ ತಗೊಳ್ಳಿ. ಚರ್ಚಿನಲ್ಲಿ ಕೆಲಸ ಮಾಡೋ ಇಬ್ಬರು ಗಂಡುಮಕ್ಕಳಿಗೆ ಅಂತ ಆ ತಾಯಿ ಇದ್ದುದರಲ್ಲೇ ಒಳ್ಳೇ ಅಡುಗೆ ಮಾಡಿ ಕಾಯ್ತಾಳೆ. ಜೂಜುಕೋರ ಗಂಡ ಬಂದು ಹೆಚ್ಚುಕಮ್ಮಿ ಎಲ್ಲಾನೂ ತಿಂದು ಎದ್ದುಹೋಗ್ತಾನೆ. ಚಿಕ್ಕ ಮಗನ ಮೇಲೆ ಕಳ್ಳತನದ ಆರೋಪ ಹೊರಿಸಿರೋದು ಅವಳಿಗಿನ್ನೂ ಗೊತ್ತೇ ಇಲ್ಲ. ರಿವ್ಯೂವರ್‌ನಲ್ಲಿ ಇದು "ಸೀಸಾ: ಹುಚ್ಚಿಯಾಗುವ ತಾಯಿ" ಅಂತ ಒಂದೇ ಸಾಲು. ಆ ಅಡುಗೆಮನೆ ಬೇಕಾದರೆ ಪುಸ್ತಕವನ್ನೇ ಓದಬೇಕು.

ಇನ್ನೊಂದು ವಿಷಯ. ಕಾನೂನು ಹೇಳೋದು ಬರಹಗಳು ಅಂತ. ಹಾಗಾದರೆ ಎಲ್ಲ ಬರಹವೂ ಬರಬೇಕು, ಮುಜುಗರ ತರೋದೂ ಸೇರಿ. 1896ರಲ್ಲಿ ಕಾತಿಪುನಾನ್ ಸಂಘಟನೆ ಸ್ಪೇನ್ ವಿರುದ್ಧ ಬಂಡೆದ್ದಿತು. ರಿಸಾಲ್ ಹೆಸರನ್ನೇ ಅವರು ಘೋಷಣೆಯಾಗಿ ಬಳಸ್ತಿದ್ದರು. ಅದೇ ದಂಗೆಯ ಆರೋಪ ಹೊತ್ತು ಸೆರೆಯಲ್ಲಿದ್ದ ರಿಸಾಲ್ ಡಿಸೆಂಬರ್ 15ರಂದು ಒಂದು ಹೇಳಿಕೆ ಬರೆದರು: ಈ ದಂಗೆಯನ್ನು ನಾನು ಖಂಡಿಸ್ತೀನಿ, ಎಲ್ಲರೂ ಮನೆಗೆ ಹೋಗಿ ಅನ್ನೋ ಅರ್ಥದ್ದು. ಸ್ಪ್ಯಾನಿಷ್ ಅಧಿಕಾರಿಗಳು ಅದನ್ನೂ ಪ್ರಕಟಿಸಲಿಲ್ಲ, ಅದರಲ್ಲಿ ನಿಷ್ಠೆ ಸಾಲದು ಅನ್ನಿಸ್ತು ಅವರಿಗೆ. ಡಿಸೆಂಬರ್ 30ರ ಬೆಳಗ್ಗೆ ಗುಂಡಿಕ್ಕಿ ಕೊಂದರು. ಸಾಯೋ ಮುಂಚೆ ಬರೆದ ಕವಿತೆ ಸ್ಪಿರಿಟ್ ಸ್ಟವ್ ಒಳಗೆ ಅಡಗಿ ಹೊರಗೆ ಬಂತು. ಅದರ ಎರಡನೇ ಪದ್ಯದಲ್ಲೇ, ರಣರಂಗದಲ್ಲಿ ಹೋರಾಡುತ್ತಾ ಅಳುಕಿಲ್ಲದೆ ನಿನಗಾಗಿ ಪ್ರಾಣ ಕೊಡ್ತಿರೋರು ಇದ್ದಾರೆ ಅಂತ ತಾಯ್ನಾಡಿಗೆ ಹೇಳ್ತಾರೆ.

ಎರಡಕ್ಕೂ ನಡುವೆ ಬರೀ ಎರಡು ವಾರ. ಮನುಷ್ಯ ಒಬ್ಬನೇ. ಅವರ ಮನಸ್ಸು ಬದಲಾಯ್ತಾ? ಹೇಳಿಕೆ ಬರೆದದ್ದು ಜೀವ ಉಳಿಸಿಕೊಳ್ಳೋಕಾ? ಸಿದ್ಧತೆ ಇಲ್ಲದ ದಂಗೆ ಬೇಡ ಅಂದವರೇ, ಸತ್ತವರಿಗೆ ಮರ್ಯಾದೆ ಕೊಟ್ಟರಾ? ನಾನು ಅಲ್ಲಿ ಮೇಷ್ಟ್ರಾಗಿದ್ದರೆ ಈ ಎರಡು ಹಾಳೆಗಳನ್ನು ಮುಂದಿಟ್ಟು, ಹನ್ನೊಂದು ಮಕ್ಕಳ ಲೆಕ್ಕ ಬಿಟ್ಟು, ಇಡೀ ಸೆಮಿಸ್ಟರ್ ಹುಡುಗರನ್ನ ಜಗಳ ಆಡೋಕೆ ಬಿಡ್ತಿದ್ದೆ.