ಕಠ್ಮಂಡುವಿನ ಶನಿವಾರಗಳು ಮತ್ತು ಪ್ರಿನ್ಸ್ ದಹಾಲ್

ನಾನು ಕಠ್ಮಂಡುವಿನಲ್ಲಿದ್ದೇನೆ ಎಂದ ತಕ್ಷಣ ಊರಿನವರು ಕೇಳುವುದು ಪಶುಪತಿನಾಥನ ಬಗ್ಗೆ, ಅಲ್ಲಿ ಪೂಜೆ ಮಾಡುವ ನಮ್ಮ ಕಡೆಯ ಭಟ್ಟರ ಬಗ್ಗೆ. ಆದರೆ ನನಗೆ ಈ ಊರು ಹತ್ತಿರವಾಗಿದ್ದು ಬ್ಯಾಡ್ಮಿಂಟನ್‌ನಿಂದ.

ಇಲ್ಲಿ ವಾರದ ರಜೆ ಶನಿವಾರ. ಬೆಳಿಗ್ಗೆ ಆರಕ್ಕೇ ಹಾಲ್ ತುಂಬಿರುತ್ತದೆ. ಬಂದ ಹೊಸತರಲ್ಲಿ ನಾನು ಹೊಡೆದ ಶಟಲ್ ಎಲ್ಲಾ ಹಿಂದಿನ ಗೆರೆ ದಾಟಿ ಬೀಳುತ್ತಿತ್ತು. ಬೆಂಗಳೂರಲ್ಲಿ ವರ್ಷಗಟ್ಟಲೆ ಆಡಿದ ಕೈ, ಹೀಗ್ಯಾಕೆ ಅಂತ ಬೇಜಾರಾಗಿತ್ತು. ಜೊತೆಗೆ ಆಡುವ ಹುಡುಗ ನಕ್ಕು ಹೇಳಿದ: "ದಾಯ್, ಇಲ್ಲಿ ಗಾಳಿ ತೆಳು." ದಾಯ್ ಅಂದರೆ ಅಣ್ಣ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಕಠ್ಮಂಡು ಸುಮಾರು 1400. ಗಾಳಿ ತಡೆಯುವುದು ಕಡಿಮೆ, ಶಟಲ್ ಜಾಸ್ತಿ ಓಡುತ್ತದೆ. ಅದಕ್ಕೇ ಇಲ್ಲಿ ನಿಧಾನ ಹಾರುವ ಶಟಲ್ ಆರಿಸಿಕೊಳ್ಳುತ್ತಾರೆ. ಹಿಂದಿನ ಗೆರೆಯ ಹತ್ತಿರ ನಿಂತು ಕೆಳಗಿನಿಂದ ಜೋರಾಗಿ ಹೊಡೆದು ನೋಡುತ್ತಾರೆ. ಅದು ಎದುರಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬಿದ್ದರೆ ಸರಿ.

ಆ ಹುಡುಗನ ಬಾಯಲ್ಲಿ ಯಾವಾಗಲೂ ಒಂದೇ ಹೆಸರು, ಪ್ರಿನ್ಸ್ ದಹಾಲ್. ಜೂನಿಯರ್ ವಿಶ್ವ ರ್‍ಯಾಂಕಿಂಗ್‌ನಲ್ಲಿ ಒಂದನೇ ಸ್ಥಾನಕ್ಕೆ ಏರಿದ ನೇಪಾಳದ ಆಟಗಾರ. ದೊಡ್ಡವರ ರ್‍ಯಾಂಕಿಂಗ್‌ಗೆ ಬಂದರೆ ದಾರಿ ಬೇರೆಯೇ. ಒಂದು ವರ್ಷದಲ್ಲಿ ಆಡಿದ ಟೂರ್ನಿಗಳಲ್ಲಿ ಅತ್ಯುತ್ತಮ ಹತ್ತರ ಅಂಕ ಸೇರಿಸುತ್ತಾರೆ. ಅಂದರೆ ಊರೂರು, ದೇಶ ದೇಶ ತಿರುಗಲೇಬೇಕು. ಟಿಕೆಟ್ಟು, ವೀಸಾ, ಕೋಣೆ ಬಾಡಿಗೆ, ಮೇಲಿಂದ ಒಂದೊಂದಕ್ಕೂ ಹದಿನಾರು ಗರಿಯ ಶಟಲ್, ಅದೂ ಸ್ವಲ್ಪ ಹೊತ್ತಲ್ಲೇ ಹರಿದು ಹೋಗುವಂಥದ್ದು. ದೊಡ್ಡ ಪ್ರಾಯೋಜಕರಿಲ್ಲದ ದೇಶದ ಹುಡುಗನಿಗೆ ಇದು ಸಣ್ಣ ಭಾರವಲ್ಲ. ನನಗಂತೂ ಈ ಆಟದಲ್ಲಿ ಸ್ಮ್ಯಾಶ್‌ಗಿಂತ ಕಷ್ಟ ಇದೇ ಅನ್ನಿಸುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಪ್ರಿನ್ಸ್ ಹೋದರು. ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಆಡಿದ ಮೊದಲ ನೇಪಾಳಿ ಅವರೇ. ಮೊದಲ ಪಂದ್ಯದಲ್ಲೇ ಎದುರಿಗೆ ಬಂದವರು ಯಾರು ಗೊತ್ತಾ? ಡೆನ್ಮಾರ್ಕ್‌ನ ವಿಕ್ಟರ್ ಆಕ್ಸೆಲ್ಸೆನ್. ಆರಡಿ ನಾಲ್ಕಿಂಚು ಎತ್ತರ, ಟೋಕಿಯೊದ ಚಿನ್ನ ಆಗಲೇ ಕೊರಳಲ್ಲಿತ್ತು. ಪ್ರಿನ್ಸ್ ಒಂದು ಗೇಮ್ ಕೂಡ ಗೆಲ್ಲದೆ ನೇರ ಎರಡು ಗೇಮ್‌ಗಳಲ್ಲಿ ಸೋತರು. ಗುಂಪು ಹಂತದ ಬೇರೆ ಪಂದ್ಯಗಳಲ್ಲೂ ಗೆಲುವು ಸಿಗಲಿಲ್ಲ.

ಅದೇ ಆಕ್ಸೆಲ್ಸೆನ್ ಸೆಮಿಫೈನಲ್‌ನಲ್ಲಿ ಲಕ್ಷ್ಯ ಸೇನ್ ಅವರನ್ನೂ ಸೋಲಿಸಿದರು. ನಮ್ಮ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಹುಡುಗ ಲಕ್ಷ್ಯ. ಲಕ್ಷ್ಯ ಸೋತ ದಿನ ನನಗೆ ಊಟ ಸೇರಲಿಲ್ಲ. ಹಾಲ್‌ನಲ್ಲಿ ಆ ಹುಡುಗ ನನ್ನ ಪಕ್ಕ ಬಂದು ಕೂತ. "ನಮ್ಮವರನ್ನೂ ಅವನೇ ಸೋಲಿಸಿದ್ದು, ದಾಯ್" ಎಂದ. ಆಮೇಲೆ ಫೋನ್‌ನಲ್ಲಿ ಪ್ರಿನ್ಸ್ ಆಡಿದ ಆ ಪಂದ್ಯ ತೆಗೆದ. ಆಕ್ಸೆಲ್ಸೆನ್ ಹೊಡೆದದ್ದನ್ನೆಲ್ಲ ಬೆರಳಲ್ಲಿ ಮುಂದಕ್ಕೆ ಓಡಿಸಿದ. ಪ್ರಿನ್ಸ್ ಗೆದ್ದ ಪಾಯಿಂಟ್‌ಗಳನ್ನು ಮಾತ್ರ ಒಂದೊಂದಾಗಿ, ನಿಲ್ಲಿಸಿ ನಿಲ್ಲಿಸಿ ತೋರಿಸಿದ.