ಮಕ್ಕಳ ಜೊತೆ 5 ಕಿಲೋಮೀಟರ್: ಓಡುವುದಕ್ಕಿಂತ ಕಾಯುವುದೇ ಜಾಸ್ತಿ

5 ಕಿಲೋಮೀಟರ್ ಓಟಕ್ಕೆ ನಮ್ಮ ಮನೆಯಿಂದ ಐದು ಜನ ಹೆಸರು ಕೊಟ್ಟಿದ್ದೆವು. ನಾನು, ನಮ್ಮವರು, 8 ವರ್ಷದ ಮಗಳು, 5 ವರ್ಷದ ಮಗ, ಜೊತೆಗೆ ಅತ್ತೆ. ಅತ್ತೆ ಓಡುವವರಲ್ಲ, ನಡೆಯುವವರು. ಆದರೂ ಅಜ್ಜಿಗೂ ಬಿಬ್, ಅಂದರೆ ಓಡುವವರು ಎದೆಗೆ ಪಿನ್ ಹಾಕಿಕೊಳ್ಳುವ ನಂಬರ್ ಚೀಟಿ, ಬೇಕೇ ಬೇಕು ಅಂತ ಮೊಮ್ಮಗನ ಹಠ. ಮುಗಿಸಿ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ಚಿಕ್ಕ ಮಕ್ಕಳು ಅಷ್ಟು ದೂರ ಹೇಗೆ ಓಡಿದರು? ನಿಜ ಹೇಳಬೇಕೆಂದರೆ ಮಕ್ಕಳಿಗೆ ಓಟ ಅಷ್ಟೇನೂ ಕಷ್ಟವಾಗಲಿಲ್ಲ. ಬೇಗ ಏಳುವುದು, ಸಾಲಿನಲ್ಲಿ ನಿಲ್ಲುವುದು, ಗದ್ದಲದಲ್ಲಿ ಕಾಯುವುದು, ಎಲ್ಲಾ ಮುಗಿದ ಮೇಲೆ ಮತ್ತೆ ಕಾಯುವುದು, ಸುಸ್ತು ಮಾಡಿದ್ದು ಇವು. ಓಟ ಒಂದು ಗಂಟೆಯದಾದರೆ ಅದರ ಹಿಂದೆ ಮುಂದೆ ಇನ್ನೂ ಮೂರು ಗಂಟೆ ಸೇರಿಕೊಂಡಿರುತ್ತದೆ. ನೀವೂ ಮಕ್ಕಳನ್ನು ಕರೆದುಕೊಂಡು ಹೊರಡುವ ಯೋಚನೆಯಲ್ಲಿದ್ದರೆ ತಯಾರಿಯ ಮುಕ್ಕಾಲು ಪಾಲು ಆ ಮೂರು ಗಂಟೆಗೆ ಇರಲಿ.

ಮೊದಲು ಓಟ ಆರಿಸುವ ವಿಷಯ. ಎಷ್ಟು ದೂರ ಅನ್ನುವುದರ ಜೊತೆಗೆ ನಿಯಮಗಳನ್ನೂ ಓದಿ. ಎಷ್ಟು ವರ್ಷದ ಮೇಲಿನ ಮಕ್ಕಳಿಗೆ ಅವಕಾಶ, ಮಗುವಿನ ಜೊತೆ ದೊಡ್ಡವರು ಇರಲೇಬೇಕಾ, ರಸ್ತೆಯಲ್ಲಿ ವಾಹನ ಪೂರ್ತಿ ನಿಲ್ಲಿಸುತ್ತಾರಾ, ಎಷ್ಟು ಹೊತ್ತಿನೊಳಗೆ ಮುಗಿಸಬೇಕು. ಈ ಕೊನೆಯದನ್ನು ಬಹಳ ಜನ ನೋಡುವುದೇ ಇಲ್ಲ. ದೊಡ್ಡವರು ಸಾಧಾರಣ ನಡಿಗೆಯಲ್ಲಿ 5 ಕಿಲೋಮೀಟರ್ ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಐದು ವರ್ಷದ ಮಗು ನಿಂತು, ಕೂತು, ನೀರು ಕುಡಿದು ಬರುವಾಗ ಅದಕ್ಕಿಂತ ಹೆಚ್ಚೇ ಹಿಡಿಯಬಹುದು. ಗಡುವು ಬಿಗಿಯಾಗಿದ್ದರೆ ಆ ಓಟ ಬಿಡಿ, ಇಲ್ಲವೇ 2–3 ಕಿಲೋಮೀಟರಿನದು ಹುಡುಕಿ.

ಇಂಥ ವಿಷಯದಲ್ಲಿ ಪಾರ್ಕ್‌ರನ್‌ನವರ ನಿಯಮ ನನಗೆ ಹಿಡಿಸಿತು. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಶುರುವಾದ, ಈಗ ಹಲವು ದೇಶಗಳಲ್ಲಿ ವಾರವಾರ ನಡೆಯುವ ಉಚಿತ 5 ಕಿಲೋಮೀಟರ್ ಓಟ ಅದು. ಅಲ್ಲಿ 11 ವರ್ಷಕ್ಕಿಂತ ಚಿಕ್ಕವರು ಜೊತೆಗೆ ಬಂದ ದೊಡ್ಡವರ ಕೈಗೆ ಎಟುಕುವಷ್ಟು ಹತ್ತಿರವೇ ಇರಬೇಕು. 4ರಿಂದ 14 ವರ್ಷದವರಿಗಾಗಿ ಅವರು ಬೇರೆಯೇ ಒಂದು ಓಟ ನಡೆಸುತ್ತಾರೆ, ಅದರ ದೂರ ಬರೀ 2 ಕಿಲೋಮೀಟರ್. ನೀವು ಹೋಗುವ ಓಟದಲ್ಲಿ ಇಂಥ ನಿಯಮ ಇಲ್ಲದಿದ್ದರೂ ಕೈಗೆ ಎಟುಕುವ ದೂರ ಅನ್ನುವುದನ್ನು ಮನೆಯ ನಿಯಮ ಮಾಡಿಕೊಳ್ಳಿ.

ದಾರಿಯ ನಕ್ಷೆಯನ್ನೂ ನೋಡಿ. ಒಂದು ಕಡೆ ಶುರುವಾಗಿ ಇನ್ನೆಲ್ಲೋ ಮುಗಿಯುವ ಓಟ ಮಕ್ಕಳಿರುವವರಿಗೆ ತಲೆನೋವು. ಗಾಡಿ ಒಂದು ಕಡೆ, ಸುಸ್ತಾದ ಮಗು ಇನ್ನೊಂದು ಕಡೆ. ಅರ್ಧ ದೂರ ಹೋಗಿ ಅದೇ ರಸ್ತೆಯಲ್ಲಿ ತಿರುಗಿ ಬರುವ ದಾರಿ ಸಿಕ್ಕರೆ ಒಳ್ಳೆಯದು. ಮುಂದೆ ಹೋದ ಅಕ್ಕ ಎದುರಿನಿಂದ ಬರುತ್ತಿರುವುದು ಕಂಡಾಗ ನಮ್ಮ ಮಗನಿಗೆ ಎಲ್ಲಿತ್ತೋ ಶಕ್ತಿ, ಅಲ್ಲಿಯವರೆಗೆ ಕಾಲೆಳೆದುಕೊಂಡು ಬರುತ್ತಿದ್ದವನು ಓಡಲು ಶುರು ಮಾಡಿದ.

ತಯಾರಿ ಅಂತ ದೊಡ್ಡದೇನೂ ಬೇಕಿಲ್ಲ. ಮಕ್ಕಳಿಗೆ ದೊಡ್ಡವರ ಹಾಗೆ ವೇಳಾಪಟ್ಟಿ ಹಾಕಿ ಓಡಿಸುವುದು ನನಗೆ ಇಷ್ಟವೂ ಇಲ್ಲ. ಎತ್ತಿಕೋ ಅನ್ನದೆ 3 ಕಿಲೋಮೀಟರ್ ನಡೆಯಬಲ್ಲ ಮಗು ಓಡುತ್ತಾ ನಡೆಯುತ್ತಾ 5 ಮುಗಿಸುತ್ತದೆ ಎನ್ನುವುದು ನಮ್ಮ ಲೆಕ್ಕ. ಸಂಜೆ ಹೊರಗೆ ಹೋದಾಗ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಆಟದ ಹಾಗೆ ಮಾಡಿಸಿ. ದೊಡ್ಡವರೂ ಇದೇ ಕ್ರಮದಲ್ಲಿ ಉದ್ದ ಓಟಗಳನ್ನು ಓಡುತ್ತಾರೆ, ಆದ್ದರಿಂದ ನಡೆದರೆ ಸೋತಂತೆ ಅನ್ನುವ ಭಾವನೆ ಮಗುವಿಗೆ ಬಾರದ ಹಾಗೆ ನೋಡಿಕೊಳ್ಳಿ. ಶೂ ಹೊಸದು ಬೇಡ. ಹೆಬ್ಬೆರಳಿನ ಮುಂದೆ ನಮ್ಮ ಬೆರಳಿನಷ್ಟು ಜಾಗ ಇರಲಿ. ಲೇಸಿಗೆ ಎರಡು ಗಂಟು. ಮುನ್ನೂರು ಜನರ ನಡುವೆ ಬಗ್ಗಿ ಲೇಸು ಕಟ್ಟುವುದು ಅಂದರೆ ಹಿಂದಿನವರು ಮೇಲೆ ಬಿದ್ದರು ಅಂತಲೇ.

ಬಿಬ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಾಧ್ಯವಾದರೆ ಹಿಂದಿನ ದಿನವೇ ತಂದುಬಿಡಿ, ಬೆಳಗ್ಗಿನ ಒಂದು ಸಾಲು ತಪ್ಪುತ್ತದೆ. ಹಿಂಬದಿಯಲ್ಲಿ ಹೆಸರು, ತುರ್ತಿಗೆ ಫೋನ್ ನಂಬರ್, ಅಲರ್ಜಿ, ಕಾಯಿಲೆ ಬರೆಯಲು ಜಾಗ ಇರುತ್ತದೆ. ಖಾಲಿ ಬಿಡಬೇಡಿ. ನಂಬರ್ ಬರೆಯುವಾಗ ಆ ಹೊತ್ತಿನಲ್ಲಿ ಫೋನ್ ಎತ್ತುವವರದು ಬರೆಯಿರಿ, ಓಡುತ್ತಿರುವಾಗ ಬ್ಯಾಗಿನ ತಳದಲ್ಲಿರುವ ಫೋನಿನದು ಬೇಡ. ಬಹಳ ಓಟಗಳಲ್ಲಿ ಹೊತ್ತು ಲೆಕ್ಕ ಹಾಕುವ ಚಿಪ್ ಬಿಬ್‌ನ ಹಿಂದೆಯೇ ಅಂಟಿರುತ್ತದೆ. ಮಗುವಿನ ಎದೆಗೆ ದೊಡ್ಡದಾಯಿತು ಅಂತ ಮಡಚಿದರೆ, ಕತ್ತರಿಸಿದರೆ ಅದು ಕೆಟ್ಟುಹೋಗುತ್ತದೆ. ನಮ್ಮ ಮಗನಿಗೆ ಅದು ಕುತ್ತಿಗೆಯಿಂದ ಹೊಟ್ಟೆಯವರೆಗೂ ಬಂತು, ಹಾಗೇ ಬಿಟ್ಟೆವು. ಬಟ್ಟೆ ಹಾಕಿಸುವ ಮೊದಲೇ ಅಂಗಿಯನ್ನು ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೂ ಪಿನ್ ಹಾಕಿ. ಕುಣಿಯುತ್ತಿರುವ ಮಗುವಿನ ಮೈಮೇಲೆ ಪಿನ್ ಹಾಕಲು ಹೋದರೆ ಇಬ್ಬರಲ್ಲಿ ಒಬ್ಬರಿಗೆ ಚುಚ್ಚುವುದು ಗ್ಯಾರಂಟಿ. ಅಕ್ಕನ ಬಿಬ್ ತಮ್ಮನಿಗೆ, ತಮ್ಮನದು ಅಕ್ಕನಿಗೆ ಅಂತ ಬದಲಾಯಿಸುವುದೂ ಬೇಡ. ಏನಾದರೂ ಆದರೆ ಡಾಕ್ಟರ್ ನೋಡುವುದು ಆ ಹಿಂಬದಿಯನ್ನೇ.

ಬೆಳಗ್ಗೆ ಹೊಟ್ಟೆಗೆ ಮಗು ದಿನಾ ತಿನ್ನುವುದೇ ಇರಲಿ, ಸ್ವಲ್ಪ ಕಡಿಮೆ, ಓಟಕ್ಕೆ ಒಂದೂವರೆ ಗಂಟೆ ಮೊದಲು. ಅಷ್ಟು ಬೇಗ ಏನೂ ಇಳಿಯದ ಮಗುವಾದರೆ ಒಂದು ಬಾಳೆಹಣ್ಣು ಸಾಕು. ಜಾಗಕ್ಕೆ ಮುಕ್ಕಾಲು ಗಂಟೆ ಮೊದಲು ಹೋದರೆ ಚೆನ್ನ. ಅದಕ್ಕಿಂತ ತಡವಾದರೆ ಶೌಚಾಲಯದ ಸಾಲಿನಲ್ಲೇ ಓಟ ಶುರುವಾಗಿಬಿಡುತ್ತದೆ. ಅದಕ್ಕಿಂತ ಬೇಗ ಹೋದರೆ ಮಕ್ಕಳು ಅಲ್ಲೇ ಸುತ್ತಾಡಿ ಸುಸ್ತಾಗುತ್ತಾರೆ. ಹತ್ತಿರದ ರಸ್ತೆಗಳು ಬಂದ್ ಆಗಿರುತ್ತವೆ, ಗಾಡಿ ನಿಲ್ಲಿಸಿ ನಡೆಯುವ ದೂರವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮಗುವಿನ ಕಾಲಿಗೆ ಅದೂ ಓಟವೇ.

ಇನ್ನು ಆ ವಾರ್ಮ್‌ಅಪ್! ವೇದಿಕೆಯ ಮೇಲೆ ಒಬ್ಬರು ನಿಂತು ಜೋರು ಸಂಗೀತಕ್ಕೆ ಎಲ್ಲರನ್ನೂ ಕುಣಿಸುತ್ತಾರೆ. ದೊಡ್ಡವರು ಸುಮ್ನೆ ಕೈ ಆಡಿಸಿ ನಿಲ್ಲಿಸುತ್ತಾರೆ, ಮಕ್ಕಳು ಇದ್ದಬದ್ದ ಶಕ್ತಿಯನ್ನೆಲ್ಲಾ ಅಲ್ಲೇ ಖರ್ಚು ಮಾಡುತ್ತಾರೆ. ಐದು ನಿಮಿಷ ಕುಣಿಯಲಿ, ಆಮೇಲೆ ಏನಾದರೂ ನೆಪ ಹೇಳಿ ಈಚೆ ಕರೆದುಕೊಂಡು ಬನ್ನಿ. ಸ್ಪೀಕರ್ ಹತ್ತಿರ ಅಂತೂ ನಿಲ್ಲಲೇಬೇಡಿ. ನಮ್ಮ ಮಗಳು ಎರಡೂ ಕಿವಿ ಮುಚ್ಚಿಕೊಂಡು ಅಜ್ಜಿಯ ಹಿಂದೆ ನಿಂತುಬಿಟ್ಟಳು.

ಹೊರಡುವಾಗ ಎಲ್ಲರಿಗಿಂತ ಹಿಂದೆ ನಿಲ್ಲಿ. ಚಿಪ್ ಇರುವ ಓಟದಲ್ಲಿ ಸಾಮಾನ್ಯವಾಗಿ ನೀವು ಗೆರೆಯ ಮೇಲಿನ ಮ್ಯಾಟ್ ತುಳಿದಾಗಿನಿಂದಲೇ ನಿಮ್ಮ ಹೊತ್ತು ಲೆಕ್ಕ, ಹಿಂದೆ ನಿಂತರೆ ನಷ್ಟವಿಲ್ಲ. ಮುಂದೆ ನಿಂತ ಮಗುವಿಗೆ ಅಪಾಯ ಇದೆ, ವೇಗವಾಗಿ ಓಡುವವರಿಗೆ ಸೊಂಟದ ಕೆಳಗಿನ ತಲೆ ಕಾಣುವುದಿಲ್ಲ. ಸ್ಟ್ರಾಲರ್ (ಕೂಸನ್ನು ಕೂರಿಸಿ ತಳ್ಳುವ ಗಾಡಿ) ತಳ್ಳುವವರೂ ಹಿಂದೆಯೇ ಇರಬೇಕು. ಸ್ಟ್ರಾಲರ್‌ಗೆ ಅವಕಾಶ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಓಡಲೆಂದೇ ಮಾಡಿದ, ಬ್ರೇಕು ಮತ್ತು ಮಣಿಕಟ್ಟಿನ ಪಟ್ಟಿ ಇರುವುದೇ ಬೇಕು. ಕತ್ತು ಸರಿಯಾಗಿ ನಿಲ್ಲದ ಕೂಸನ್ನು ಅದರಲ್ಲಿ ಕೂರಿಸಿ ಓಡಬಾರದು. ಕಡಿಮೆ ಅಂದರೂ ಆರರಿಂದ ಎಂಟು ತಿಂಗಳು ತುಂಬಿರಲಿ, ಮಕ್ಕಳ ಡಾಕ್ಟರನ್ನು ಒಮ್ಮೆ ಕೇಳಿ.

ಯಾರು ಯಾರ ಜೊತೆ ಅನ್ನುವುದು ಮನೆಯಲ್ಲೇ ತೀರ್ಮಾನವಾಗಿರಲಿ. ಮಗಳು ಅಪ್ಪನ ಜೊತೆ, ಮಗ ನನ್ನ ಜೊತೆ, ಅತ್ತೆ ತಮ್ಮ ಪಾಡಿಗೆ. ಇಡೀ ಸಂಸಾರ ಒಟ್ಟಿಗೇ ಓಡಬೇಕು ಅನ್ನುವುದು ಫೋಟೋಗೆ ಚೆನ್ನ. ರಸ್ತೆಯಲ್ಲಿ ಐದು ಜನ ಸಾಲಾಗಿ ಕೈ ಹಿಡಿದುಕೊಂಡು ಹೋದರೆ ಹಿಂದಿನವರಿಗೆ ಗೋಡೆ ಕಟ್ಟಿದ ಹಾಗೆ. ಇಬ್ಬರಿಗಿಂತ ಹೆಚ್ಚು ಅಕ್ಕಪಕ್ಕ ಬೇಡ. ಅಂಚಿನಲ್ಲೇ ಓಡಿ, ನಿಲ್ಲುವ ಮೊದಲು ಹಿಂದೆ ನೋಡಿ. ಕೊನೆಗೆ ಸೇರುವ ಜಾಗವನ್ನು ‘ಫಿನಿಶ್ ಹತ್ತಿರ’ ಅಂತ ಹೇಳಿದರೆ ಸಾಲದು, ಅಲ್ಲಿ ಎಲ್ಲರೂ ಇರುತ್ತಾರೆ. ನಾವು ಪ್ರಥಮ ಚಿಕಿತ್ಸೆಯ ಟೆಂಟಿನ ಎಡಗಡೆ ಅಂತ ಮಾಡಿಕೊಂಡೆವು, ಮಕ್ಕಳಿಗೆ ಮೊದಲೇ ಕರೆದುಕೊಂಡು ಹೋಗಿ ತೋರಿಸಿದೆವು. ಇಬ್ಬರ ಮುಂಗೈ ಮೇಲೂ ಪೆನ್ನಿನಿಂದ ಫೋನ್ ನಂಬರ್. ತಪ್ಪಿಸಿಕೊಂಡರೆ ಅಲ್ಲೇ ನಿಂತು ವಾಲಂಟಿಯರ್ ಜಾಕೆಟ್ ಹಾಕಿದವರಿಗೆ ಕೈ ತೋರಿಸಬೇಕು, ಹುಡುಕಿಕೊಂಡು ಓಡಬಾರದು ಅಂತ ಹೇಳಿಕೊಟ್ಟಿದ್ದೆವು.

ಓಟ ಶುರುವಾದ ತಕ್ಷಣ ಮಕ್ಕಳು ಬಾಣ ಬಿಟ್ಟ ಹಾಗೆ ಹೋಗುತ್ತಾರೆ. ಇನ್ನೂರು ಮೀಟರಿಗೆ ಏದುಸಿರು. ಬಾಯಿಮಾತಿಗೆ ನಿಧಾನ ಆಗುವವರಲ್ಲ, ಅದಕ್ಕೆ ಮಾತಾಡಿಸಿ. ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುವಷ್ಟು ಉಸಿರು ಇದ್ದರೆ ವೇಗ ಸರಿ ಇದೆ, ಒಂದೊಂದೇ ಪದ ಬಂದರೆ ನಡೆಯುವ ಹೊತ್ತು. ಕಿಲೋಮೀಟರ್ ಲೆಕ್ಕ ಚಿಕ್ಕವರಿಗೆ ಅರ್ಥವಾಗುವುದಿಲ್ಲ. ಆ ಮರದವರೆಗೆ ಓಡೋಣ, ಈ ದೀಪದ ಕಂಬದವರೆಗೆ ನಡೆಯೋಣ ಅಂದರೆ ಆಗುತ್ತದೆ. ಪಕ್ಕೆ ಹಿಡಿಯಿತು ಅಂದರೆ ನಡೆಯುತ್ತಾ ನಿಧಾನ ಉಸಿರಾಡಿಸಿ, ನೋವಿರುವ ಕಡೆ ಕೈ ಒತ್ತಿ ಹಿಡಿಯಲು ಹೇಳಿ, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಹೋಗುತ್ತದೆ.

ನಮಗೆ ಅತಿ ಹೆಚ್ಚು ಹೊತ್ತು ಹಿಡಿದಿದ್ದು ನೀರಿನ ಮೇಜು. ರಸ್ತೆ ತುಂಬಾ ಕುಡಿದು ಎಸೆದ ಪೇಪರ್ ಲೋಟಗಳು. ತಲೆಕೆಳಗಾಗಿ ಬಿದ್ದ ಲೋಟ ತುಳಿದರೆ ‘ಪಟ್’ ಅಂತ ಶಬ್ದ ಬರುತ್ತದೆ ಅನ್ನುವುದು ಮಗನಿಗೆ ಗೊತ್ತಾಗಿಬಿಟ್ಟಿತು. ಒಂದು ತುಳಿದ, ಎರಡು ತುಳಿದ, ಸೀಳಿದ್ದನ್ನು ಬಿಟ್ಟು ಗಟ್ಟಿಯಾಗಿ ನಿಂತಿದ್ದನ್ನೇ ಹುಡುಕಿ ಹುಡುಕಿ ತುಳಿದ. ಶಬ್ದ ಬರದಿದ್ದರೆ ವಾಪಸ್ ಬಂದು ಇನ್ನೊಂದು. ‘ಅಮ್ಮ, ಇದು ಕೊನೇದು’ ಅಂತ ಪ್ರತಿ ಲೋಟಕ್ಕೂ ಹೇಳಿದ. ಅಷ್ಟರಲ್ಲಿ ನಡೆದುಕೊಂಡು ಬರುತ್ತಿದ್ದ ಅತ್ತೆ ನಮ್ಮನ್ನು ದಾಟಿ ಹೋದರು, ತಿರುಗಿಯೂ ನೋಡಲಿಲ್ಲ! ಮಗು ಹೀಗೆ ಆಡಲಿ, ಆದರೆ ಅಂಚಿಗೆ ಕರೆದುಕೊಂಡು ಹೋಗಿ. ಒದ್ದೆ ರಸ್ತೆಯ ಮೇಲೆ ಲೋಟ ಜಾರುತ್ತದೆ. ನೀರು ತೆಗೆದುಕೊಳ್ಳುವಾಗಲೂ ಮೊದಲ ಮೇಜಿನಲ್ಲೇ ನಿಲ್ಲದೆ ಕೊನೆಯ ಮೇಜಿಗೆ ಹೋಗಿ, ಅಲ್ಲಿ ನೂಕುನುಗ್ಗಲು ಕಡಿಮೆ ಇರುತ್ತದೆ.

ಬಿಸಿಲಿನ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಮಕ್ಕಳ ಮೈ ನಮ್ಮದಕ್ಕಿಂತ ಬೇಗ ಬಿಸಿಯೇರುತ್ತದೆ, ಬೆವರುವುದೂ ನಮಗಿಂತ ಕಡಿಮೆ. ಟೋಪಿ, ತೆಳು ಬಣ್ಣದ ಸಡಿಲ ಬಟ್ಟೆ, ಆಗಾಗ ಒಂದೊಂದು ಗುಟುಕು ನೀರು. ತಲೆನೋವು, ತಲೆಸುತ್ತು, ವಾಂತಿ ಬರುವ ಹಾಗೆ ಆಗುವುದು, ಮಂಕಾಗುವುದು, ಕಾರಣವಿಲ್ಲದೆ ಕಿರಿಕಿರಿ, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೆ ಓಟ ಮುಗಿಯಿತು. ನೆರಳಿಗೆ ಕರೆದುಕೊಂಡು ಹೋಗಿ ಮೈ ತಂಪು ಮಾಡಿ, ವೈದ್ಯರ ತಂಡವನ್ನು ಕರೆಯಿರಿ. ಮಾತು ತಡವರಿಸಿದರೆ, ಗೊಂದಲ ಕಂಡರೆ ಒಂದು ನಿಮಿಷವೂ ತಡ ಮಾಡಬಾರದು.

ನಮ್ಮವರ ಕೈಗಡಿಯಾರ 5 ಕಿಲೋಮೀಟರ್ ತೋರಿಸಿದಾಗ ಫಿನಿಶ್ ಇನ್ನೂ ದೂರ ಇತ್ತು. ಮಗಳಿಗೆ ಇದು ಮೋಸ ಅಂತ ಅನ್ನಿಸಿ ಅಪ್ಪನನ್ನು ಬಹಳ ಹೊತ್ತು ಕಾಡಿದಳಂತೆ. ವಿಷಯ ಏನೆಂದರೆ, ಪ್ರಮಾಣಪತ್ರ ಪಡೆದ ದಾರಿಗಳನ್ನು ಸೈಕಲ್ ಚಕ್ರಕ್ಕೆ ಜೋಡಿಸಿದ ಎಣಿಸುವ ಉಪಕರಣದಿಂದ ಅಳೆಯುತ್ತಾರೆ. ತಿರುವುಗಳಲ್ಲಿ ಒಳ ಅಂಚಿಗೆ ಅಂಟಿಕೊಂಡು, ಅತಿ ಹತ್ತಿರದ ಗೆರೆಯಲ್ಲಿ. ಕಡಿಮೆಯಾಗದಿರಲಿ ಅಂತ ಸಾವಿರಕ್ಕೆ ಒಂದರಂತೆ ಜಾಸ್ತಿ ಸೇರಿಸುತ್ತಾರೆ, ಅಂದರೆ 5 ಕಿಲೋಮೀಟರಿಗೆ 5 ಮೀಟರ್. ಮಕ್ಕಳೋ ರಸ್ತೆಯ ಈ ಬದಿಯಿಂದ ಆ ಬದಿಗೆ ಅಂಕುಡೊಂಕಾಗಿ ಓಡುತ್ತಾರೆ, ಗಡಿಯಾರದ ಜಿಪಿಎಸ್ ಕೂಡ ಸ್ವಲ್ಪ ಹೆಚ್ಚುಕಡಿಮೆ ತೋರಿಸುತ್ತದೆ. ಆದ್ದರಿಂದ ‘ಇನ್ನು ನೂರೇ ಮೀಟರ್’ ಅಂತ ಗಡಿಯಾರ ನೋಡಿ ಮಗುವಿಗೆ ಹೇಳಬೇಡಿ. ಫಿನಿಶ್‌ನ ಕಮಾನು ಕಣ್ಣಿಗೆ ಕಂಡ ಮೇಲೆ ಹೇಳಿ.

ಗೆರೆ ದಾಟಿದ ತಕ್ಷಣ ಫೋಟೋಗೆ ಅಂತ ಅಲ್ಲೇ ನಿಲ್ಲಬೇಡಿ, ಹಿಂದಿನಿಂದ ಜನ ಜೋರಾಗಿ ಬರುತ್ತಿರುತ್ತಾರೆ. ನಡೆಯುತ್ತಲೇ ಮುಂದೆ ಹೋಗಿ, ಮೆಡಲ್ ತೆಗೆದುಕೊಂಡು, ಹೇಳಿದ ಜಾಗ ಸೇರಿ. ಚಿಪ್ ಶೂಗೆ ಕಟ್ಟಿದ್ದಾದರೆ ವಾಪಸ್ ಕೊಡಬೇಕಾಗಬಹುದು. ಆಮೇಲೆ ಮೊದಲ ಕೆಲಸ ಒಣ ಅಂಗಿ, ಎರಡನೆಯದು ತಿನ್ನಲು ಏನಾದರೂ. ಬಹುಮಾನ ವಿತರಣೆಗೆ ಕಾಯುವ ಆಸೆ ಬಿಟ್ಟುಬಿಡಿ. ಮೆಡಲ್ ಹಾಕಿಕೊಂಡು ಅರ್ಧ ಗಂಟೆ ಜಿಗಿದಾಡಿದ ಮಗು ಆಮೇಲೆ ಇದ್ದಕ್ಕಿದ್ದಂತೆ ಅಳಲು ಶುರು ಮಾಡುತ್ತದೆ, ಕಾರಣ ಕೇಳಿದರೆ ಅದಕ್ಕೂ ಗೊತ್ತಿರುವುದಿಲ್ಲ. ಆ ಹೊತ್ತಿಗೆ ನೀವು ಮನೆಯ ದಾರಿಯಲ್ಲಿರಬೇಕು.

ಮರುದಿನ ಮಕ್ಕಳು ಏನೂ ಆಗಿಲ್ಲವೆಂಬಂತೆ ಆಡುತ್ತಿದ್ದರು, ಮೀನಖಂಡ ಹಿಡಿದುಕೊಂಡಿದ್ದು ನಮಗೆ. ಓಡು, ನಿಲ್ಲು, ಮತ್ತೆ ಓಡು ಅನ್ನುವುದು ದೊಡ್ಡವರ ಕಾಲಿಗೆ ಹೊಸದು. ಮಗು ಹಿಮ್ಮಡಿ ಅಥವಾ ಮಂಡಿ ನೋವು ಅಂದರೆ ಕೆಲವು ದಿನ ಓಟ ನಿಲ್ಲಿಸಿ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯ ಮೂಳೆ ಬೆಳೆಯುವ ಜಾಗದಲ್ಲಿ ನೋವು ಬರುವುದುಂಟು, ಸಾಮಾನ್ಯವಾಗಿ ವಿಶ್ರಾಂತಿಯಲ್ಲಿ ಕಡಿಮೆಯಾಗುತ್ತದೆ. ಕುಂಟುತ್ತಲೇ ಇದ್ದರೆ ಡಾಕ್ಟರಿಗೆ ತೋರಿಸಿ.